ಪೂರ್ಣ ವಿಳಾಸ

ಒಂದು ಮಿಲಿಮೀಟರ್. ಅದಕ್ಕಿಂತ ಸಣ್ಣ ಅಕ್ಷರವನ್ನು ಕಾನೂನು ಒಪ್ಪುವುದಿಲ್ಲ.

"ಇನ್ನೂ ಸಣ್ಣದು ಮಾಡಪ್ಪಾ," ಎಂದ ದುರುಗೇಶ್.

"ಇದಕ್ಕಿಂತ ಸಣ್ಣದು ಮಾಡಿದ್ರೆ ಇರುವೆನೂ ಕನ್ನಡಕ ಹಾಕ್ಕಂಬೇಕು ಸಾರ್," ಎಂದ ಶರಣು. "ಓದ್ಲಿ ಅಂತ ತಾನೇ ಹಾಕ್ಸದು?"

ಹಾಕಿಯೂ ಓದಿಸದಿರುವುದು ಹೇಗೆ ಎಂದು ದುರುಗೇಶ್ ಬೆಳಗಿನ ಆರು ಗಂಟೆಯಿಂದ ಯೋಚಿಸುತ್ತಿದ್ದ. ಜಗಳೂರು ಬಸ್ ನಿಲ್ದಾಣದ ಹಿಂದಿನ ಈ ಪ್ರಿಂಟಿಂಗ್ ಅಂಗಡಿಯಲ್ಲಿ ಮದುವೆ ಕಾರ್ಡು, ತಿಥಿ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಎಲ್ಲಕ್ಕೂ ಒಂದೇ ಕಂಪ್ಯೂಟರು, ಒಂದೇ ಕುರ್ಚಿ. ಕುರ್ಚಿಯ ಮೇಲೆ ಶರಣು. ಗಿರಾಕಿ ನಿಂತೇ ಇರಬೇಕು.

ತೆರೆಯ ಮೇಲೆ 'ಹಿರೇಮನೆ ಚಟ್ನಿಪುಡಿ'ಯ ಲೇಬಲ್ಲು ಹರಡಿಕೊಂಡಿತ್ತು. ಹೆಸರಿನ ಪಕ್ಕ ಒಬ್ಬ ಅಜ್ಜಿ. ಯಾವ ದೇಶದ ಅಜ್ಜಿಯೋ, ಶರಣು ಇಂಟರ್‌ನೆಟ್ಟಿನಿಂದ ಎತ್ತಿ ತಂದು, ತಲೆಗೆ ಸೆರಗು ಹೊದಿಸಿ, ಮೂಗಿಗೆ ನತ್ತು ಸಿಕ್ಕಿಸಿ, ಹಣೆಗೆ ಮೂರು ಗೆರೆ ವಿಭೂತಿ ಎಳೆದಿದ್ದ. ವಿಭೂತಿ ಶರಣುವಿನ ಸ್ವಂತ ಐಡಿಯಾ. ಎರಡು ವರ್ಷದ ಹಿಂದೆ ಅದನ್ನು ನೋಡಿ ದುರುಗೇಶ್ "ಚೆನ್ನಾಗಿದೆ" ಎಂದಿದ್ದ. ಅಷ್ಟೇ ಅಂದಿದ್ದು. ಆ ಒಂದು ಮಾತಿನ ಮೇಲೆ ಒಂದು ವ್ಯಾಪಾರವೇ ಎದ್ದು ನಿಂತಿತು.

ಪುಡಿ ಮಾಡುವವರು ಬೇರೆ. ಅವನ ತಾಯಿ ಮೂಕಮ್ಮ, ತಂಗಿ ಅಂಬಿಕಾ. ಸೊಕ್ಕೆ ದಾಟಿ ಆರು ಕಿಲೋಮೀಟರ್ ಒಳಗೆ, ಕರೇಬನ್ನಿಹಳ್ಳಿಯಲ್ಲಿ, ಶೇಂಗಾ, ಗುರೆಳ್ಳು, ಅಗಸೆ ಹುರಿದು ಕುಟ್ಟುತ್ತಾರೆ. ಹುರಿಯುವ ಹೊತ್ತಿನಲ್ಲಿ ಅವರ ಹಣೆಯ ಮೇಲೆ ಬೆವರು ಬಿಟ್ಟರೆ ಬೇರೇನೂ ಇರುವುದಿಲ್ಲ.

ಬೆಳಗ್ಗೆ ಬಂದ ಮೇಲ್ ತುಂಬ ಸಭ್ಯವಾಗಿತ್ತು. ಪುಡಿ ಮಾರಿಕೊಡುವ ಆ್ಯಪ್ ಕಂಪನಿಯದು. 'ಪ್ರಿಯ ಮಾರಾಟಗಾರರೇ, ನಿಮ್ಮ ಪೊಟ್ಟಣದ ಮೇಲಿನ ವಿಳಾಸಕ್ಕೂ ಆಹಾರ ನೋಂದಣಿ ಪತ್ರದಲ್ಲಿರುವ ವಿಳಾಸಕ್ಕೂ ಹೊಂದಾಣಿಕೆಯಿಲ್ಲ. ಇಂದು ಸಂಜೆ ಐದರೊಳಗೆ ಸರಿಪಡಿಸಿದ ಲೇಬಲ್ ಕಳಿಸಿ, ತಯಾರಿಕಾ ಸ್ಥಳದಲ್ಲಿ ತಯಾರಕರ ವಿಡಿಯೊ ಪರಿಶೀಲನೆ ಮುಗಿಸಿ. ತಪ್ಪಿದಲ್ಲಿ ನಿಮ್ಮ ಉತ್ಪನ್ನವನ್ನು ತೆಗೆದುಹಾಕಲಾಗುವುದು. ನಿಮ್ಮ ದಿನ ಶುಭವಾಗಿರಲಿ.'

ಪೊಟ್ಟಣದ ಮೇಲೆ ಇದ್ದದ್ದು: ಬಸವಣ್ಣನ ಗುಡಿ ಹಿಂಭಾಗ, ಕರೇಬನ್ನಿಹಳ್ಳಿ. ನೋಂದಣಿ ಪತ್ರದಲ್ಲಿ ಇದ್ದದ್ದು: ಎ.ಕೆ. ಕಾಲೋನಿ, ಕರೇಬನ್ನಿಹಳ್ಳಿ. ಪತ್ರವನ್ನು ಯಾರೂ ಓದುವುದಿಲ್ಲ, ಅದು ಟ್ರಂಕಿನಲ್ಲಿರುತ್ತದೆ. ಪೊಟ್ಟಣ ಊಟದ ಟೇಬಲ್ಲಿನ ಮೇಲೆ ಇರುತ್ತದೆ.

ಶರಣು ನೋಂದಣಿ ಪತ್ರವನ್ನು ನೋಡಿಕೊಂಡು ಟೈಪ್ ಮಾಡುತ್ತಿದ್ದ. 'ಎ' ಬಂತು. ಚುಕ್ಕೆ ಬಂತು. ಅವನ ಬೆರಳುಗಳು ಅರ್ಧ ಕ್ಷಣ ನಿಂತವು. ಮತ್ತೆ ಓಡಿದವು. ಅರ್ಧ ಕ್ಷಣವೇ, ಆದರೆ ದುರುಗೇಶ್ ಅಂಥ ಅರ್ಧ ಕ್ಷಣಗಳನ್ನು ಅಳೆಯುವುದರಲ್ಲಿ ಪಳಗಿದವನು. ಅವನು ಬಂದಾಗಲೆಲ್ಲ ಟೀ ಹೇಳುವ ಶರಣು ಇವತ್ತು ಹೇಳಿರಲಿಲ್ಲ. ಬಂದಾಗಲೇ ಹೇಳಿರಲಿಲ್ಲ, ಪತ್ರ ನೋಡುವ ಮೊದಲೇ. ಹಾಗಿದ್ದರೂ ದುರುಗೇಶ್ ಆ ಟೀಯನ್ನೂ ಈ ಲೆಕ್ಕಕ್ಕೇ ಸೇರಿಸಿಕೊಂಡ.

"ಹಸಿರು ಚುಕ್ಕೆ ಪಕ್ಕಕ್ಕೆ ಹಾಕ್ಲಾ ಸಾರ್, ವಿಳಾಸನ?"

"ಕೆಳಗೆ. ಮಡಿಕೆ ಬರುತ್ತಲ್ಲ, ಅಲ್ಲಿ."

"ಮಡಿಕೇಲಿ ಕಾಣಲ್ವಲ್ಲ."

"ಕಾಣತ್ತೆ. ಬಿಡಿಸಿದ್ರೆ ಕಾಣತ್ತೆ."

ಶರಣು ತಿರುಗಿ ನೋಡಿದ. ದುರುಗೇಶ್ ಗೋಡೆಗೆ ಅಂಟಿಸಿದ್ದ ಯಾರದೋ ಶ್ರದ್ಧಾಂಜಲಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಲೇಬಲ್ಲಿನ ಕಡತ ಅವನ ಫೋನಿಗೆ ಬಂತು. ಅದನ್ನು ಅವನು ತಕ್ಷಣ ಕಂಪನಿಗೆ ಕಳಿಸಲಿಲ್ಲ. ಸಂಜೆ ಐದಕ್ಕೆ ಇನ್ನೂ ಬಹಳ ಹೊತ್ತಿತ್ತು.

ಈ ಸೀಮೆಯಲ್ಲಿ ಜಾತಿ ಕೇಳುವುದು ಒರಟುತನ. ಯಾರೂ ಕೇಳುವುದಿಲ್ಲ. ಊರು ಯಾವುದೆಂದು ಕೇಳುತ್ತಾರೆ. ಹೇಳಿದರೆ "ಓಹೋ" ಎಂದು, "ಊರಾಗೆ ಎಲ್ಲಾತು ಮನೆ?" ಎನ್ನುತ್ತಾರೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೂರನೆಯದು ಬೇಕಾಗುವುದಿಲ್ಲ. ಗುಡಿ ಬೀದಿ ಅಂದರೆ ಒಬ್ಬರು, ಕುರುಬರ ಓಣಿ ಅಂದರೆ ಇನ್ನೊಬ್ಬರು, ಕಾಲೋನಿ ಅಂದರೆ ಊರು ಮುಗಿದ ಮೇಲೆ ಶುರುವಾಗುವ ಕೇರಿಯವರು. ಕೇಳಿದವರು ನಗುನಗುತ್ತಲೇ ಲೋಟವನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸಿಕೊಳ್ಳುತ್ತಾರೆ.

ಹಾಸ್ಟೆಲಿನಲ್ಲಿ, ದಾವಣಗೆರೆಯ ಲಾ ಕಾಲೇಜಿನಲ್ಲಿ, ಎಂಟು ತಿಂಗಳು ಕರಿಕೋಟು ಹಾಕಿಕೊಂಡು ಅಲೆದ ಕೋರ್ಟಿನ ಕಾರಿಡಾರಿನಲ್ಲಿ, ಬಸ್ಸಿನಲ್ಲಿ, ದುರುಗೇಶ್ ಈ ಎರಡನೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತ ಬಂದಿದ್ದ. ಅವನಿಗೆ ಕೆಮ್ಮು ಬರುತ್ತಿತ್ತು. ಫೋನ್ ಬರುತ್ತಿತ್ತು. ಬಸ್ ಬರದಿದ್ದರೂ ಬಂತು ಎಂದು ಎದ್ದು ಹೋಗುತ್ತಿದ್ದ. ಈಗ ಕಾನೂನೇ ಎರಡನೆಯ ಪ್ರಶ್ನೆ ಕೇಳುತ್ತಿತ್ತು. ಕಾನೂನಿನ ಮುಂದೆ ಕೆಮ್ಮಿದರೆ ಪ್ರಯೋಜನವಿಲ್ಲ.

ತಮಾಷೆ ಏನೆಂದರೆ ಆ ಕಾನೂನನ್ನು ಜಿಲ್ಲೆಗೆಲ್ಲ ಬಿಡಿಸಿ ಹೇಳುವವನೇ ಅವನು. 'ಆನ್‌ಲೈನ್ ವ್ಯಾಪಾರ ಕಾನೂನು ಸಲಹೆ' ಎಂದು ಬೋರ್ಡು ಹಾಕಿಕೊಂಡಿದ್ದ. ಚನ್ನಗಿರಿಯಿಂದ ಹಪ್ಪಳದವರು, ನ್ಯಾಮತಿಯಿಂದ ಸೀರೆಯವರು, ಹೊನ್ನಾಳಿಯಿಂದ ಬೆಲ್ಲದವರು ಫೋನ್ ಮಾಡುತ್ತಿದ್ದರು. ಇವತ್ತು ಹನ್ನೊಂದು ಗಂಟೆಗೆ ಜಗಳೂರಿನ ಸಮುದಾಯ ಭವನದಲ್ಲಿ ಸ್ವಸಹಾಯ ಸಂಘದ ಅರವತ್ತು ಹೆಂಗಸರಿಗೆ ಅವನದೇ ಭಾಷಣ.

ಅವನು ಚೆನ್ನಾಗಿ ಮಾತಾಡುತ್ತಿದ್ದ. ಅದು ಅವನಿಗೂ ಗೊತ್ತಿತ್ತು.

"ಕಾನೂನು ಅಂದ್ರೆ ಹೆದರ್ಕಬೇಡ್ರಿ. ಮೊದಲ್ನೇ ಪೊಟ್ಟಣ ಮಾರಾಕಿಂತ ಮುಂಚೆ ಆಹಾರ ನೋಂದಣಿ ಮಾಡಿಸ್ರಿ. ತೂಕ ಹಾಕ್ರಿ, ತಯಾರಿಸಿದ ದಿನ ಹಾಕ್ರಿ, ಗರಿಷ್ಠ ಬೆಲೆ ಹಾಕ್ರಿ. ದೂರು ಹೇಳಾಕೆ ಒಂದು ಫೋನ್ ನಂಬರ್ ಹಾಕ್ರಿ, ಆ ಫೋನು ಎತ್ರಿ. ಬೇರೆ ರಾಜ್ಯಕ್ಕೆ ಕಳಿಸ್ತೀರಾ, ಜಿಎಸ್‌ಟಿ ನೋಂದಣಿ ಮಾಡಿಸ್ಕಳ್ರಿ. ಮೆಂತ್ಯದ ಪುಡಿ ತಿಂದ್ರೆ ಸಕ್ಕರೆ ಕಾಯಿಲೆ ವಾಸಿ ಆಗುತ್ತೆ ಅಂತ ಬರೀಬೇಡ್ರಿ. ನಿಮ್ಮ ಮಾಲಿಗೆ ನೀವೇ ಗಿರಾಕಿ ವೇಷ ಹಾಕಿ ಹೊಗಳಿ ಬರೀಬೇಡ್ರಿ, ಅದೂ ನಿಯಮಕ್ಕೆ ವಿರುದ್ಧ. ಗಂಡನ ಕೈಲಿ ಐದು ಸ್ಟಾರು ಒತ್ತಿಸಬೇಡ್ರಿ."

"ನಮ್ಮ ಯಜಮಾನ ಒಂದೂ ಒತ್ತಲ್ಲ ಬಿಡ್ರೀ," ಎಂದಳು ಒಬ್ಬಳು. ಭವನ ನಗುವಿನಿಂದ ತುಂಬಿತು. ದುರುಗೇಶ್‌ಗೆ ಒಂದು ಕ್ಷಣ ಬದುಕು ಹಗುರವಾಗಿದೆ ಅನ್ನಿಸಿತು.

"ಕೊನೇದು, ತಯಾರಿಸೋರ ಹೆಸರು, ಪೂರ್ಣ ವಿಳಾಸ. ಗಿರಾಕಿಗೆ ತಾನು ತಿನ್ನೋದು ಯಾರ ಮನೇದು ಅಂತ ತಿಳ್ಕಳೋ ಹಕ್ಕೈತೆ."

ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಐವತ್ತರ ಹೆಂಗಸು, ಅಂಜಿನಮ್ಮ ಎಂದು ಹೆಸರು ಹೇಳಿದಳು. ಜೋಳದ ರೊಟ್ಟಿ ಮಾಡುತ್ತಾಳಂತೆ.

"ನಮ್ದು ಕಾಲೋನಿ ಐತ್ರೀ. ಕಾಲೋನಿ ಅಂತಾನೇ ಹಾಕ್ಬೇಕೇನ್ರೀ?"

ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂತಿರುಗಿ ನೋಡಿದರು.

"ಪೂರ್ಣ ವಿಳಾಸ," ಎಂದ ದುರುಗೇಶ್.

"ಹಾಕಿದ್ರೆ ಯಾರು ತಗಂತಾರ್ರೀ?"

"ಅದು ಕಾನೂನಿನ ಪ್ರಶ್ನೆ ಅಲ್ಲಮ್ಮ."

"ಹಂಗಾರೆ ಯಾರ್ದು ಪ್ರಶ್ನೆ?"

ದುರುಗೇಶ್ ಗಡಿಯಾರ ನೋಡಿದ. ಪ್ರಶ್ನೋತ್ತರಕ್ಕೆ ಸಮಯ ಕಡಿಮೆಯಿದೆ ಎಂದ. ಅಂಜಿನಮ್ಮ ಕೂರಲಿಲ್ಲ, ಅವನನ್ನೇ ನೋಡುತ್ತ ನಿಂತಿದ್ದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಗುರುತು ಹಿಡಿಯುವ ಪ್ರಯತ್ನವಿತ್ತು.

"ತಮ್ದು ಯಾವೂರು ಸಾರ್?" ಎಂದಳು.

ಅವನಿಗೆ ಕೆಮ್ಮು ಬಂತು. ಮೈಕಿನಲ್ಲಿ ಅದು ಗುಡುಗಿದಂತೆ ಕೇಳಿಸಿ ಮುಂದಿನ ಸಾಲಿನ ಮಗುವೊಂದು ಎಚ್ಚರವಾಗಿ ಅಳತೊಡಗಿತು. ಎಲ್ಲರೂ ಮಗುವಿನ ಕಡೆ ತಿರುಗಿದರು. ಆ ಮಗುವಿಗೆ ಅವನು ಮನಸ್ಸಿನಲ್ಲೇ ಕೃತಜ್ಞತೆ ಹೇಳಿದ. ಆಮೇಲೆ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಅಸಹ್ಯವನ್ನು ಸಂಘದವರು ಕೊಟ್ಟ ಶಾಲಿನೊಳಗೆ ಮಡಿಸಿಕೊಂಡು ಹೊರಗೆ ಬಂದ.

ಬೈಕಿನ ಹತ್ತಿರ ನಿಂತಾಗ ಫೋನು ಬಂತು. ಹೊನ್ನಾಳಿಯ ವನಜಾಕ್ಷಿ. ನಿವೃತ್ತ ಹೈಸ್ಕೂಲ್ ಮೇಡಂ, ಹಿರೇಮನೆ ಚಟ್ನಿಪುಡಿಯ ಪರಮ ಭಕ್ತೆ. ಆ್ಯಪಿನಲ್ಲಿ 'ಅಪ್ಪಟ ನಮ್ಮವರ ಮನೆ ರುಚಿ' ಎಂದು ಐದು ಸ್ಟಾರು ಕೊಟ್ಟವರು. ಆ 'ನಮ್ಮವರ' ಎಂಬ ಪದವನ್ನು ದುರುಗೇಶ್ ಎಷ್ಟೋ ಸಲ ಓದಿದ್ದ. ಓದಿದಾಗಲೆಲ್ಲ ಖುಷಿಯಾಗುತ್ತಿತ್ತು, ಖುಷಿಯಾದದ್ದಕ್ಕೆ ನಾಚಿಕೆಯಾಗುತ್ತಿತ್ತು. ಆದರೆ ಓದುವುದನ್ನು ಬಿಟ್ಟಿರಲಿಲ್ಲ.

"ದುರುಗೇಶ್ ಅವ್ರೇ, ಮಗಳ ಮನೆ ಗೃಹಪ್ರವೇಶ ಐತ್ರೀ. ಬಂದೋರ ಕೈಗೆ ಒಂದೊಂದು ಪೊಟ್ಟಣ ಕೊಡಾಣ ಅಂತ. ನೂರು ಬೇಕು."

"ಆಗ್ಲಿ ಮೇಡಂ."

"ಪೂರ್ತಿ ವೆಜ್ ತಾನೇ?"

"ಹಸಿರು ಚುಕ್ಕೆ ಐತಲ್ರೀ."

"ಚುಕ್ಕೆ ಬಿಡ್ರಿ. ಮನೆ?"

ದುರುಗೇಶ್ ಬೈಕಿನ ಕನ್ನಡಿಯನ್ನು ಒರೆಸಿದ. ಹಸಿರು ಚುಕ್ಕೆ ಪೊಟ್ಟಣದೊಳಗಿನ ಪದಾರ್ಥಕ್ಕೆ ಸಂಬಂಧಿಸಿದ್ದು. ಮನೆಗೆ ಹಾಕುವ ಚುಕ್ಕೆಯನ್ನು ಯಾವ ನಿಯಮವೂ ಹೇಳಿಲ್ಲ. ಇದನ್ನು ಹೇಳಬಹುದಿತ್ತು.

"ಹಲೋ? ಕೇಳಿಸ್ತಿಲ್ಲ ಮೇಡಂ."

"ಇರ್ಲಿ ಬಿಡ್ರಿ, ಹಿರೇಮನೆ ಅಂದ್ಮೇಲೆ ಕೇಳಾದೇನೈತೆ. ಮತ್ತೇ, ನಿಮ್ಮೂರಾಗೇ ನಮ್ಮ ಬೀಗರದಾರೆ, ದೊಡ್ಡಣ್ಣ ಅಂತ. ಬಸವಣ್ಣನ ಗುಡಿ ಹತ್ರಾನೇ ಮನೆ. ಕೊರಿಯರ್ ಯಾಕೆ, ಅವ್ರೇ ನಾಳೆ ನಿಮ್ಮನೆಗೆ ಬಂದು ತಗಂತಾರೆ. ಗುಡಿ ಹಿಂದೆ ಅಂದ್ರೆ ಯಾವ್ ಮನೆ ಆತು?"

ಎರಡನೆಯ ಪ್ರಶ್ನೆ ಹೊನ್ನಾಳಿಯಿಂದ ಜಗಳೂರಿಗೆ ಒಂದು ತಡೆಯೂ ಇಲ್ಲದೆ ಬಂದು ಮುಟ್ಟಿತು.

"ನಾನು ಆಮೇಲೆ ಮಾಡ್ತೀನಿ ಮೇಡಂ, ಬಸ್ ಬಂತು," ಎಂದ ದುರುಗೇಶ್, ಬೈಕಿನ ಮೇಲೆ ಕೂತುಕೊಂಡು.

ಹೆಂಡತಿ ಅರ್ಪಿತಾಳ ಮಿಸ್ಡ್ ಕಾಲ್ ಎರಡಿದ್ದವು. ಅವಳು ಪ್ರೈಮರಿ ಶಾಲೆಯ ಟೀಚರು. ತವರುಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡವರು. ಮದುವೆಯಲ್ಲಿ ಅವಳು ತಂದ ಬುದ್ಧ ಬಾಡಿಗೆ ಮನೆಯ ಟಿವಿ ಪಕ್ಕದಲ್ಲಿದ್ದ. "ಶೋಪೀಸ್ ಎಲ್ಲಿ ತಗಂಡ್ರಿ, ಚೆನ್ನಾಗೈತೆ," ಎಂದಿದ್ದರು ಮನೆ ಮಾಲೀಕರು. ದುರುಗೇಶ್ "ಬೆಂಗಳೂರಲ್ಲಿ" ಎಂದಿದ್ದ. ಅವತ್ತು ಅರ್ಪಿತಾ ಅವನಿಗೆ ಊಟ ಬಡಿಸಿ, ತಾನು ಬುದ್ಧನ ಪಕ್ಕ ಕೂತು ಉಂಡಳು.

"ಹಾಕಿದ್ರಾ?" ಎಂದಳು ಈಗ, ಅವನು ಫೋನ್ ಮಾಡಿದಾಗ.

"ಲೇಬಲ್ ಆಗಿದೆ."

"ಕಳಿಸಿದ್ರಾ?"

"ವಿಡಿಯೊ ಆದ್ಮೇಲೆ ಎರಡೂ ಒಟ್ಟಿಗೆ."

"ಒಟ್ಟಿಗೆ ಅಂತ ಯಾರು ಹೇಳಿದ್ರು?"

"ಒಂದು ರೂಲ್ ಐತೆ."

ಅಂಥ ರೂಲ್ ಇರಲಿಲ್ಲ. ಅರ್ಪಿತಾ "ಅತ್ತೆಗೆ ನನ್ನ ನಮಸ್ಕಾರ ಹೇಳಿ," ಎಂದಳು. ಅವಳು ಹೀಗೆ ಸೌಜನ್ಯದಿಂದ ಮಾತಾಡಿದಾಗ ಅವನಿಗೆ ಬೈದಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು.

ಸೊಕ್ಕೆಯವರೆಗೆ ರಸ್ತೆ ಚೆನ್ನಾಗಿತ್ತು. ಆಮೇಲೆ ಚೆನ್ನಾಗಿರಲಿಲ್ಲ. ಎರಡೂ ಕಡೆ ಮೆಕ್ಕೆಜೋಳ ಕಿತ್ತು ಉತ್ತಿಟ್ಟ ಹೊಲ. ದಾರಿಯುದ್ದಕ್ಕೂ ಅವನು ಕಾನೂನಿನ ಸಂದುಗೊಂದುಗಳನ್ನು ಹುಡುಕುತ್ತ ಹೋದ. ಜಗಳೂರಲ್ಲಿ ಒಂದು ರೂಮು ಬಾಡಿಗೆ ಹಿಡಿದು ಅಲ್ಲಿಗೇ ನೋಂದಣಿ ಬದಲಾಯಿಸಿದರೆ? ಅವ್ವ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಕುಟ್ಟಬೇಕು. ಕುಟ್ಟುವ ಸದ್ದಿಗೆ ಅಕ್ಕಪಕ್ಕದವರು ಬರುತ್ತಾರೆ. ಬಂದವರು ಅವ್ವನನ್ನು ಊರು ಯಾವುದೆಂದು ಕೇಳುತ್ತಾರೆ. ಅವ್ವನಿಗೆ ಕೆಮ್ಮಲು ಬರುವುದಿಲ್ಲ.

ಕಾಲೋನಿಯ ಮೊದಲ ಸಾಲಿನ ಮೂರನೆಯ ಮನೆ. ಒಳಗಿನಿಂದ ಹುರಿದ ಗುರೆಳ್ಳಿನ ವಾಸನೆ ರಸ್ತೆಗೆ ಬರುತ್ತಿತ್ತು. ಅಂಬಿಕಾ ಪೊಟ್ಟಣಗಳ ಬಾಯಿ ಮುಚ್ಚುವ ಯಂತ್ರದ ಮುಂದೆ ಕೂತಿದ್ದಳು, ತಲೆಗೆ ಟೋಪಿ, ಕೈಗೆ ಗವಸು, ಎಲ್ಲ ನಿಯಮದ ಪ್ರಕಾರ. ನಿಯಮಗಳನ್ನು ಅವನೇ ಕಲಿಸಿದ್ದ. ಮೂಕಮ್ಮ ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು.

ಅವನು ವಿಷಯ ಹೇಳಿದ. ಆದಷ್ಟು ಕಾನೂನಿನ ಭಾಷೆಯಲ್ಲಿ ಹೇಳಿದ. ವಿಳಾಸದಲ್ಲಿ ಒಂದು ತಾಂತ್ರಿಕ ವ್ಯತ್ಯಾಸ ಕಂಡುಬಂದಿದೆ ಎಂದ.

"ಏನಂತೆ?" ಎಂದಳು ಮೂಕಮ್ಮ ಮಗಳ ಕಡೆ ತಿರುಗಿ.

ಅಂಬಿಕಾ ಒಂದು ಪೊಟ್ಟಣ ಎತ್ತಿ ಓದಿದಳು. "ಬಸವಣ್ಣನ ಗುಡಿ ಹಿಂಭಾಗ, ಕರೇಬನ್ನಿಹಳ್ಳಿ."

ಮೂಕಮ್ಮ ಮೊರ ಕೆಳಗಿಟ್ಟಳು. "ಗುಡಿ ಹಿಂದ್ಕೆ ನಮ್ದು ಯಾವಾಗಾತು ಮನೆ? ಅಲ್ಲಿ ದೊಡ್ಡಣ್ಣರ ದನದ ಕೊಟ್ಟಿಗೆ ಐತೆ."

ದುರುಗೇಶ್ ಅಂಬಿಕಾಳ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದ.

"ಅದೊಂದೇ ಇರಾದು ಅಲ್ಲಿ. ಎಮ್ಮೆ ಕಟ್ತಾರೆ. ಕೊಟ್ಟಿಗೆ ವಿಳಾಸ ಹಾಕೀಯೇನೋ ನನ್ನ ಪುಡಿಗೆ?"

ಕೊಟ್ಟಿಗೆ ಇರುವುದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗುಡಿಯ ಹಿಂಭಾಗವನ್ನು ಅವನು ಯಾವತ್ತೂ ನೋಡಿರಲಿಲ್ಲ. ಮುಂಭಾಗವನ್ನು ರಸ್ತೆಯಿಂದ ನೋಡಿದ್ದ. ಹತ್ತನೆಯ ವಯಸ್ಸಿಗೆ ಹಾಸ್ಟೆಲ್ ಸೇರುವವರೆಗೆ ಆ ಕಡೆ ಹೋಗಬಾರದೆಂದು ಅಪ್ಪ ಹೇಳಿದ್ದ, ಆಮೇಲೆ ಹೋಗಲು ಮನಸ್ಸಾಗಿರಲಿಲ್ಲ. ಎರಡು ವರ್ಷದ ಹಿಂದೆ ಶರಣು "ವಿಳಾಸ ಹೇಳ್ರಿ ಸಾರ್" ಎಂದಾಗ ಊರಿನಲ್ಲಿ ತಾನು ಕಾಣದ ಜಾಗವೇ ನಾಲಗೆಗೆ ಬಂದಿತ್ತು. ಅಲ್ಲಿ ಒಳ್ಳೆಯ ಮನೆಗಳಿರಬೇಕು ಎಂದುಕೊಂಡಿದ್ದ. ಎಮ್ಮೆಗಳಿದ್ದವು.

ಅಂಬಿಕಾ ಜೋರಾಗಿ ನಗತೊಡಗಿದಳು. ನಗುತ್ತಲೇ ಟೋಪಿ ತೆಗೆದಳು.

"ನಿನಗೆ ಗೊತ್ತಿತ್ತಾ?" ಎಂದ ದುರುಗೇಶ್.

"ದಿನಾ ಪ್ಯಾಕ್ ಮಾಡೋಳಿಗೆ ಗೊತ್ತಿರಲ್ವಾ? ನಿನಗೇ ನಾಚ್ಕೆ ಬರ್ಲಿ ಅಂತ ಸುಮ್ನಿದ್ದೆ. ಎರಡು ವರ್ಷ ಆತು. ಬರ್ಲಿಲ್ಲ."

"ಊರಿಗೆ ಗೊತ್ತಾದ್ರೆ ತಗಳ್ತಾರೇನೆ?"

"ಊರಿಗೆ ಗೊತ್ತೈತೆ ಕಣೋ. ಊರೋರು ಯಾರೂ ತಗಳಾದೇ ಇಲ್ಲ. ಗೊತ್ತಿಲ್ದಿರಾದು ಹೊನ್ನಾಳಿಯೋರಿಗೆ."

"ಅದನ್ನೇ ಹೇಳ್ತಿರೋದು. ಇದನ್ನ ಹಾಕಿದ್ರೆ ಅವರೂ ಬಿಡ್ತಾರೆ. ನೀನು, ಅವ್ವ, ಇಷ್ಟು ಕಷ್ಟಪಟ್ಟಿದ್ದು ಎಲ್ಲ ಹೋಗುತ್ತೆ."

"ನಮ್ಮ ಕಷ್ಟ ನೀನು ಯಾಕೆ ಮುಂದೆ ಹಿಡೀತೀಯಾ?" ಎಂದಳು ಅಂಬಿಕಾ. ಈಗ ನಗುತ್ತಿರಲಿಲ್ಲ. "ಹೋಗಾದು ನಿನ್ನ ವೇಷ."

ಮೂಕಮ್ಮ ಹೊಸ ಲೇಬಲ್ಲನ್ನು ಮಗನ ಫೋನಿನಲ್ಲಿ ನೋಡುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ. "ಎಲ್ಲೈತೋ ನನ್ನ ಹೆಸ್ರು?" ಎಂದಳು. ಅವನು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಹಿಗ್ಗಿಸಿ, ಮತ್ತೂ ಹಿಗ್ಗಿಸಿ ತೋರಿಸಬೇಕಾಯಿತು.

"ಎರಡು ವರ್ಷದಿಂದ ನೋಡ್ತಿದೀನಿ, ಈ ಮುದುಕಿ ಯಾರು?"

"ಸುಮ್ನೆ, ಚಿತ್ರ."

"ನನಗಿಂತ ಚೆನ್ನಾಗದಾಳೆ," ಎಂದು ಮೂಕಮ್ಮ ಫೋನು ವಾಪಸು ಕೊಟ್ಟಳು. "ಹಾಕು. ಇರಾದನ್ನ ಹಾಕಾಕೆ ನಿಂಗೇನು ದಾಡಿ? ತಗಳ್ದಿದ್ರೆ ಬಿಡ್ಲಿ, ನಾವೇ ತಿಂತೀವಿ." ಸ್ವಲ್ಪ ತಡೆದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದಳು. "ನಿನ್ನ ಬಾಡಿಗೆ ಮನೆಗೆ ಬರ್ತೀನಿ ಅಂದಾಗೆಲ್ಲ ಬ್ಯಾಡ ಅಂತೀಯಲ್ಲ. ಅದೂ ಇದಕ್ಕೇನಾ?"

"ಅಲ್ಲಿ ನೀರಿನ ತೊಂದ್ರೆ ಐತವ್ವ."

"ಹ್ಞೂಂ. ನೀರಿನ ತೊಂದ್ರೆ," ಎಂದಳು ಮೂಕಮ್ಮ.

ಅವಳು ವಾದ ಮಾಡಲಿಲ್ಲ. ಮಾಡಿದ್ದರೆ ಅವನು ವಕೀಲ, ಏನಾದರೂ ಹೇಳುತ್ತಿದ್ದ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು, ಅರ್ಪಿತಾ ಕೊಡಿಸಿದ ನೀಲಿ ಸೀರೆ ಉಟ್ಟು ಬಂದಳು. ವಿಡಿಯೊ ಅಂದರೆ ಅವಳಿಗೆ ಅಷ್ಟು ತಿಳಿದಿತ್ತು. ಅವಳನ್ನು ನೋಡಿ ದುರುಗೇಶ್‌ಗೆ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳುವುದು ನಾಟಕವಾಗುತ್ತದೆ ಎಂದೂ ಅನ್ನಿಸಿತು. ಎರಡೂ ಅನ್ನಿಸಿದ್ದರಿಂದ ಫೋನಿನ ಬ್ಯಾಟರಿ ಎಷ್ಟಿದೆಯೆಂದು ನೋಡಿಕೊಂಡ.

ನಾಲ್ಕು ನಲವತ್ತೆಂಟು. ಅವನು ಹೊಸ ಲೇಬಲ್ಲನ್ನು ಏರಿಸಿದ. ಹಸಿರು ಟಿಕ್ ಬಂತು. ಇನ್ನು ವಿಡಿಯೊ. ಫೋನಿನೊಳಗಿನಿಂದ ಒಬ್ಬ ಹೆಂಗಸಿನ ದನಿ ಶುದ್ಧ ಕನ್ನಡದಲ್ಲಿ ಮಾತಾಡತೊಡಗಿತು.

"ತಯಾರಕರು ಬಾಗಿಲ ಮುಂದೆ ನಿಲ್ಲಲಿ."

ಮೂಕಮ್ಮ ನಿಂತಳು. ಅಕ್ಕಪಕ್ಕದ ಮನೆಗಳಿಂದ ನಾಲ್ಕೈದು ಜನ ಹೊರಗೆ ಬಂದರು. ಯಾರೋ "ಟೀವಿಯಾಗೆ ಬರುತ್ತೇನೇ?" ಎಂದು ಕೇಳಿದರು. ಅಂಬಿಕಾ "ಅದಕ್ಕಿಂತ ದೊಡ್ಡದು" ಎಂದಳು.

"ಹಿಂದೆ ಸರಿಯಿರಿ. ಕಟ್ಟಡ ಪೂರ್ತಿ ಕಾಣಲಿ."

ದುರುಗೇಶ್ ಹಿಂದೆ ಸರಿದ. ಮನೆ ಚೌಕಟ್ಟಿನೊಳಗೆ ಬಂತು. ಇನ್ನೂ ಸರಿದ. ಪಕ್ಕದ ಮನೆ, ನಲ್ಲಿ, ನಲ್ಲಿಯ ಮುಂದಿನ ಬಿಂದಿಗೆಗಳು ಬಂದವು. ಇಷ್ಟು ದೂರ ಬೇಕಿರಲಿಲ್ಲ. ಓಣಿಯ ಬಾಯಿಗೆ ಬಂದು ನಿಂತಾಗ ಅವನ ಬೆನ್ನ ಹಿಂದೆ ಡಾಂಬರು ರಸ್ತೆ, ರಸ್ತೆಯ ಪಕ್ಕದಲ್ಲಿ ಬಸ್ಸಿಗೆ ಕಾದ ಊರಿನ ಏಳೆಂಟು ಜನ. ತೆರೆಯ ಮೇಲೆ ಮೂಕಮ್ಮ ಹೆಬ್ಬೆರಳಿನಷ್ಟಿದ್ದಳು.

"ಧನ್ಯವಾದ. ಈಗ ನಿಮ್ಮ ಹೆಸರು ಮತ್ತು ಪೂರ್ಣ ವಿಳಾಸವನ್ನು ಗಟ್ಟಿಯಾಗಿ ಹೇಳಿ."

ಅವನು ಕೈಯಿಂದ ಸನ್ನೆ ಮಾಡಿದ. ಮೂಕಮ್ಮ ಎದೆಯುಬ್ಬಿಸಿ ಹೇಳಿದಳು. "ನನ್ನ ಹೆಸ್ರು ಮೂಕಮ್ಮ. ಎ.ಕೆ. ಕಾಲೋನಿ, ಕರೇಬನ್ನಿಹಳ್ಳಿ, ಜಗಳೂರು ತಾಲ್ಲೂಕು."

"ಧ್ವನಿ ಕೇಳಿಸುತ್ತಿಲ್ಲ. ದಯವಿಟ್ಟು ಹತ್ತಿರ ಬನ್ನಿ."

ಹತ್ತಿರ ಹೋಗಬೇಕು. ಹದಿನೈದು ಹೆಜ್ಜೆ. ಬಸ್ಸಿಗೆ ಕಾದವರು ಇತ್ತ ತಿರುಗಿದ್ದರು. ಅವರಲ್ಲೊಬ್ಬರು ಬಿಳಿ ಅಂಗಿ ತೊಟ್ಟ ಯಜಮಾನರು. ದೊಡ್ಡಣ್ಣನವರೇ ಇರಬಹುದು, ಇಲ್ಲದಿರಬಹುದು. ಅವರು "ಯಾರಪ್ಪ ಅದು?" ಎಂದು ಪಕ್ಕದವನನ್ನು ಕೇಳಿದ್ದು ದುರುಗೇಶ್‌ಗೆ ಕೇಳಿಸಿತು. ಅವನು ಫೋನನ್ನು ಇನ್ನೊಂದಿಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡ.

"ಹತ್ತಿರ ಬನ್ನಿ," ಎಂದಿತು ಫೋನು.

ತನ್ನನ್ನೇ ಕರೆದದ್ದು ಎಂದುಕೊಂಡು ಮೂಕಮ್ಮ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಳು. ಇನ್ನೂ ಗಟ್ಟಿಯಾಗಿ ಹೇಳಿದಳು. ದುರುಗೇಶ್ ನಾಲ್ಕು ಹೆಜ್ಜೆ ಹಿಂದೆ ಹೋದ. ಬೆಳಕು ಸರಿಯಿಲ್ಲ, ಅದಕ್ಕೆ, ಎಂದು ತನಗೆ ತಾನೇ ಹೇಳಿಕೊಂಡ. ಡಾಂಬರು ಕಾಲಿಗೆ ತಾಗಿತು. ಕಾದಿದ್ದವರು ದಾರಿ ಬಿಟ್ಟರು.

"ಅಲ್ಲೇ ನಿಲ್ಲೋ!" ಎಂದು ಅಂಬಿಕಾ ಕೂಗಿದಳು.

"ಧ್ವನಿ ಕೇಳಿಸುತ್ತಿಲ್ಲ. ಹತ್ತಿರ ಬನ್ನಿ."

ಮೂಕಮ್ಮ ಬಂದಳು. ನೀಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಓಣಿಯುದ್ದಕ್ಕೂ, ಜನರ ನಡುವೆ, ಪ್ರತಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ತನ್ನ ಹೆಸರನ್ನೂ ವಿಳಾಸವನ್ನೂ ಕೂಗಿ ಹೇಳುತ್ತ ಬಂದಳು. ಕಾಲೋನಿಗೆ ಕೇಳಿಸಿತು. ಬಸ್ಸಿಗೆ ಕಾದವರಿಗೆ ಕೇಳಿಸಿತು. ರಸ್ತೆಯ ತುದಿಗಿದ್ದ ಊರಿನೊಳಗೂ ಕೇಳಿಸಿರಬೇಕು, ಯಾವುದೋ ಎಮ್ಮೆ ಒದರಿತು. ಅವಳ ದನಿ ಒಡೆಯತೊಡಗಿತ್ತು, ಆದರೆ ಅವಳು ನಗುತ್ತಿದ್ದಳು. ಮಗನಿಗೆ ಸಹಾಯ ಮಾಡುತ್ತಿದ್ದೇನೆ ಎಂಬ ನಂಬಿಕೆಯ ನಗು.

ನಾಲ್ಕು ಐವತ್ತೆಂಟು. ಫೋನು ಮತ್ತೆ ಹೇಳಿದ್ದನ್ನೇ ಹೇಳಿತು. ದುರುಗೇಶ್‌ನ ಹಿಮ್ಮಡಿಗೆ ಡಾಂಬರು ಮುಗಿದು ಉತ್ತ ಮಣ್ಣು ಸಿಕ್ಕಿತು. ಅವನು ಒಮ್ಮೆ ತಿರುಗಿ ನೋಡಿದ. ಕಣ್ಣು ಹೋಗುವವರೆಗೂ ಬರಿಯ ಹೊಲ, ಒಂದು ಮರವಿಲ್ಲ, ಒಂದು ಮನೆಯಿಲ್ಲ. ಹಿಂದೆ ಸರಿಯಲು ಬೇಕಾದಷ್ಟು ಜಾಗವಿತ್ತು.